ನನ್ನ ಎಡಗಡೆ ಕೂತವನು

ನನಗೆ ನೀರೆಂದರೆ ಭಯ. ಹನ್ನೊಂದನೇ ವಯಸ್ಸಿನಲ್ಲಿ ಹೆಬ್ಬಾಳದ ಕೆರೆಯ ಅಂಚಿನಲ್ಲಿ ಕಾಲು ಜಾರಿ ಬಿದ್ದಿದ್ದೆ. ಜೊಂಡಿನ ನಡುವೆ ಎರಡು ಸಲ ಮುಳುಗಿ ಎದ್ದವನನ್ನು ಅಂಗಿಯ ಕಾಲರ್ ಹಿಡಿದು ದಡಕ್ಕೆ ಎಳೆದು ಹಾಕಿದವನು ನನ್ನ ಗೆಳೆಯ. ಗಂಗಾನಗರದಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಮೂರೇ ಮನೆ. ಒಂದೇ ಶಾಲೆ, ಒಂದೇ ಐಟಿಐ. ಗೊರಗುಂಟೆಪಾಳ್ಯದ ಹತ್ತಿರದ ಕಾರ್ಖಾನೆಗೆ ಇಬ್ಬರೂ ಒಂದೇ ದಿನ ಅಪ್ರೆಂಟಿಸ್ ಆಗಿ ಸೇರಿದೆವು. ಈಗ ಇಬ್ಬರಿಗೂ ನಲವತ್ತೈದು ದಾಟಿದೆ. ಅವನು ಒಂದು ಮಾತು ಹೇಳಿದರೆ ನಾನು ಅದನ್ನು ತಿರುಗಿಸಿ ನೋಡಿದವನೇ ಅಲ್ಲ.

ಕಂಪನಿಯ ವಾರ್ಷಿಕೋತ್ಸವಕ್ಕೆ ಡ್ರ್ಯಾಗನ್ ಬೋಟ್ ರೇಸ್ ಎಂದು ನೋಟಿಸ್ ಬೋರ್ಡಿನಲ್ಲಿ ಅಂಟಿಸಿದಾಗ, ನನ್ನ ಹೆಸರನ್ನು ನನ್ನನ್ನು ಕೇಳದೆಯೇ ಬರೆದು ಬಂದವನೂ ಅವನೇ.

"ತಲೆ ಕೆಟ್ಟಿದ್ಯೇನೋ? ನಂಗೆ ಈಜು ಬರಲ್ಲ" ಅಂದೆ.

"ಲೈಫ್ ಜಾಕೆಟ್ ಕೊಡ್ತಾರೆ ಮಗಾ. ಅಲ್ದೆ ನಾನ್ ಪಕ್ಕದಲ್ಲೇ ಕೂತಿರ್ತೀನಲ್ಲ" ಅಂದ.

ನಾಲ್ಕು ತಂಡಗಳು. ನಮ್ಮ ಕಾರ್ಖಾನೆಯದು ಒಂದು, ಇನ್ನೊಂದು ಘಟಕದ್ದು ಒಂದು, ಮಾರಾಟ ವಿಭಾಗದ್ದು, ಮತ್ತೆ ಪ್ರಧಾನ ಕಚೇರಿಯದು. ಮೂತಿಗೆ ಡ್ರ್ಯಾಗನ್ ತಲೆ ಕಟ್ಟಿದ ಉದ್ದನೆಯ ದೋಣಿಗಳು, ಒಂದೊಂದಕ್ಕೆ ಹತ್ತು ಜನ, ಎರಡೆರಡಾಗಿ ಐದು ಸಾಲು. ಮುಂದೆ ನಮ್ಮ ಕಡೆ ಮುಖ ಮಾಡಿ ಕೂತು ಡೋಲು ಬಾರಿಸುವವರೊಬ್ಬರು. ಹತ್ತರಲ್ಲಿ ನಾಲ್ವರು ಹೆಂಗಸರಿರಲೇಬೇಕು ಎಂಬುದು ನಿಯಮ. ಮೂವರು ಸಿಕ್ಕರು, ನಾಲ್ಕನೆಯವರು ಸಿಗಲಿಲ್ಲ. ಆಗ ಕ್ಯಾಂಟೀನಿನಲ್ಲಿ ಬಡಿಸುವ ಅಕ್ಕ ಸೌಟು ಹಿಡಿದುಕೊಂಡೇ, "ನಾನ್ ಬರ್ಬೋದಾ?" ಎಂದು ಕೇಳಿದರು. ರಾಜಾನುಕುಂಟೆಯವರು. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಎರಡು ಬಸ್ಸು ಬದಲಿಸಿ ಬರುವವರು. ಕೆಲವರು ನಕ್ಕರು. ಆದರೆ ಇನ್ನೂರು ಜನರ ಅನ್ನದ ತಪ್ಪಲೆಯನ್ನು ಒಲೆಯಿಂದ ಇಳಿಸುವ ಆ ತೋಳುಗಳನ್ನು ನೋಡಿದ್ದ ನಾನು ಪಟ್ಟಿಯಲ್ಲಿ ಅವರ ಹೆಸರು ಬರೆದೆ.

ಅಭ್ಯಾಸ ನಡೆಯುತ್ತಿದ್ದುದು ರಾಜಾನುಕುಂಟೆಯ ಆಚೆಯ ಒಂದು ಕೆರೆಯಲ್ಲಿ, ಆರು ಭಾನುವಾರ. ತರಬೇತುದಾರರು ಸೈನ್ಯದಿಂದ ನಿವೃತ್ತರಾದವರು. ದೋಣಿಯ ಹಿಂತುದಿಯಲ್ಲಿ ನಿಂತು ಚುಕ್ಕಾಣಿ ಹಿಡಿಯುವವರೂ ಅವರೇ. ಮೊದಲ ದಿನ ದೋಣಿ ಅಲುಗಿದಾಗ ನಾನು ಗೆಳೆಯನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡೆ. ಅವನು ನಗಲಿಲ್ಲ. "ಕಣ್ಮುಚ್ಕೊಂಡು ನನ್ ಉಸಿರು ಕೇಳಿಸ್ಕೋ. ನಾನ್ ಎಳ್ದಾಗ ನೀನೂ ಎಳೀ" ಅಂದ. ನಾನು ಹಾಗೇ ಕಲಿತೆ.

ನಮ್ಮದು ಮೂರನೇ ಸಾಲು. ಅವನು ಎಡಗಡೆ, ನಾನು ಬಲಗಡೆ. ಅವನ ಹಿಂದೆ, ನಾಲ್ಕನೇ ಸಾಲಿನ ಎಡಗಡೆ ಅಕ್ಕ. ಅವನು ಹುಟ್ಟು ಹಾಕುವ ಜೋರಿಗೆ ನೀರು ಹಿಂದಕ್ಕೆ ಹಾರಿ ಅಕ್ಕನ ಮಡಿಲಿಗೇ ಬೀಳುತ್ತಿತ್ತು. "ಅಣ್ಣಾ, ನಾನ್ ಮನೇಲಿ ಸ್ನಾನ ಮಾಡ್ಕೊಂಡೇ ಬಂದಿವ್ನಿ" ಎಂದು ಅವರು ಪ್ರತಿ ವಾರ ಗೊಣಗುತ್ತಿದ್ದರು, ನಾವು ಪ್ರತಿ ವಾರ ನಗುತ್ತಿದ್ದೆವು.

ತರಬೇತುದಾರರು ಮತ್ತೆ ಮತ್ತೆ ಹೇಳುತ್ತಿದ್ದುದು ಒಂದೇ. ಬಲ ಕೈಯಲ್ಲಿಲ್ಲ, ಕಾಲಿನಲ್ಲಿದೆ. ಮುಂದಿನ ಹಲಗೆಗೆ ಕಾಲು ಕೊಟ್ಟು ಒತ್ತಿ, ಸೊಂಟದಿಂದ ತಿರುಗಿ ಎಳೆಯಬೇಕು. ಸಾಲು ಎಷ್ಟು ಕಿರಿದೆಂದರೆ ಪಕ್ಕದವರ ತೊಡೆಗೆ ತೊಡೆ ತಾಗಿಯೇ ಇರುತ್ತದೆ. ಅವರು ಎಳೆದಾಗ ಆ ಮಾಂಸ ಬಿಗಿಯುವುದು ನಮಗೆ ತಿಳಿಯುತ್ತದೆ. ದಡದಲ್ಲಿ ನಿಂತವರಿಗೆ ಹತ್ತು ಹುಟ್ಟುಗಳು ಒಟ್ಟಿಗೆ ಎದ್ದು ಒಟ್ಟಿಗೆ ಬೀಳುವುದಷ್ಟೇ ಕಾಣುತ್ತದೆ.

ರೇಸು ನಡೆದದ್ದೂ ಒಂದು ಭಾನುವಾರ, ಅದೇ ಕೆರೆಯಲ್ಲಿ. ಮೊದಲ ಸುತ್ತಿನಲ್ಲಿ ನಾವು ಮಾರಾಟ ವಿಭಾಗದವರನ್ನು ಒಂದು ದೋಣಿಯಷ್ಟು ಅಂತರದಿಂದ ಸೋಲಿಸಿದೆವು. ಅಕ್ಕ ತಲೆಯಿಂದ ನೀರು ತೊಟ್ಟಿಕ್ಕಿಸುತ್ತಾ ದಡಕ್ಕೆ ಇಳಿದರು. ಅಂಗೈಯಲ್ಲಿ ಎರಡು ಬೊಬ್ಬೆ ಎದ್ದು ಒಡೆದಿದ್ದವು. ಯಾರದೋ ಕರ್ಚೀಫು ಹರಿದು ಕಟ್ಟಿಕೊಂಡು, "ಇನ್ನೊಂದೇ ಅಲ್ವಾ, ಬನ್ನಿ" ಅಂದರು.

ಫೈನಲಿನಲ್ಲಿ ನಮ್ಮೆದುರು ಪ್ರಧಾನ ಕಚೇರಿ. ಅವರ ದೋಣಿಯಲ್ಲಿ ಡೋಲು ಬಾರಿಸಲು ಕೂತಿದ್ದವರು ಕಂಪನಿಯ ದೊಡ್ಡ ಸಾಹೇಬರು. ಇನ್ನೂರು ಮೀಟರ್, ಒಂದು ನಿಮಿಷದ ಕೆಲಸ. ಪೀಪಿ ಊದಿದರು. ಮೊದಲ ಅರ್ಧದಲ್ಲಿ ನಾವೇ ಮುಂದಿದ್ದೆವು. ನಮ್ಮ ಡೋಲಿನವಳು, ಲ್ಯಾಬಿನ ಹುಡುಗಿ, ಗಂಟಲು ಹರಿದುಕೊಂಡು ಕೂಗುತ್ತಿದ್ದಳು. ನನ್ನ ಪಕ್ಕದಲ್ಲಿ ಗೆಳೆಯ ಅವಳಿಗಿಂತ ಜೋರಾಗಿ, "ಎಳೀ ಮಗಾ! ಎಳೀ! ಎಳೀ!" ಎನ್ನುತ್ತಿದ್ದ.

ಆಮೇಲೆ ಏನೋ ಆಯಿತು. ನನ್ನ ತೊಡೆಗೆ ತಾಗಿದ್ದ ಅವನ ತೊಡೆ ಸಡಿಲವಾಗಿತ್ತು. ಅವನ ಮೈ ಮುಂದಕ್ಕೆ ಹೋಗುತ್ತಿತ್ತು, ಹಿಂದಕ್ಕೆ ಬರುತ್ತಿತ್ತು, ಹುಟ್ಟು ಏಳುತ್ತಿತ್ತು, ಬೀಳುತ್ತಿತ್ತು. ಬಾಯಿ ಕೂಗುತ್ತಲೇ ಇತ್ತು. ಆದರೆ ಆ ಕಾಲಿನಲ್ಲಿ ಬಿಗುವೇ ಇರಲಿಲ್ಲ. ಸುಸ್ತಾಗಿದ್ದಾನೆ ಅಂದುಕೊಂಡು ಅವನ ಪಾಲನ್ನೂ ಸೇರಿಸಿ ಎಳೆಯಲು ನೋಡಿದೆ. ಬಲಗಡೆಯಿಂದ ನಾನು ಹೆಚ್ಚು ಎಳೆದಷ್ಟೂ ದೋಣಿ ಎಡಕ್ಕೆ ತಿರುಗಿತು. ಪ್ರಧಾನ ಕಚೇರಿಯ ಡ್ರ್ಯಾಗನ್ ತಲೆ ನಮ್ಮದಕ್ಕಿಂತ ಒಂದು ಮೊಳ ಮುಂದೆ ಗೆರೆ ದಾಟಿತು.

ದಡದಲ್ಲಿ ತರಬೇತುದಾರರು ನಮ್ಮನ್ನು ಸುತ್ತ ನಿಲ್ಲಿಸಿಕೊಂಡು, "ಕೊನೇಲಿ ಎಡಗಡೆ ಬಲ ಇರ್ಲಿಲ್ಲ. ಯಾರಿಗಾದ್ರೂ ಕೈ ನೋವಿತ್ತಾ?" ಎಂದು ಕೇಳಿದರು.

ನನ್ನ ಗೆಳೆಯ, ಮೆಲ್ಲಗೆ, ಕನಿಕರದ ದನಿಯಲ್ಲಿ, "ಅಕ್ಕಂಗೆ ಬೊಬ್ಬೆ ಒಡ್ದಿತ್ತಲ್ಲ ಸರ್. ಪಾಪ, ಆದಷ್ಟೂ ಮಾಡಿದ್ರು" ಅಂದ.

ಎಲ್ಲರೂ ಅಕ್ಕನ ಕಟ್ಟು ಹಾಕಿದ ಕೈ ನೋಡಿದರು. ಅಕ್ಕ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಹಿಂದೆ ಯಾರೋ, "ಕ್ಯಾಂಟೀನ್‌ನವ್ರನ್ನ ಹತ್ತಿಸ್ಕೊಂಡ್ರೆ ಇನ್ನೇನಾಗತ್ತೆ" ಎಂದದ್ದು ನನಗೆ ಕೇಳಿಸಿತು. ಅವರಿಗೂ ಕೇಳಿಸಿರಬೇಕು. ಊಟಕ್ಕೆ ನಿಲ್ಲದೆ ನಡೆದೇ ಮನೆಗೆ ಹೋದರು.

ಎರಡು ದಿನ ಕಳೆದು ಮಂಗಳವಾರ, ಊಟದ ಸಾಲು ಕರಗಿದ ಮೇಲೆ ಅವರು ನನ್ನ ಟೇಬಲ್ಲಿಗೆ ಬಂದರು. "ಅಣ್ಣಾ, ಒಂದ್ ಮಾತ್ ಕೇಳ್ಲಾ? ಬೊಬ್ಬೆ ಇತ್ತು, ಸುಳ್ಳಲ್ಲ. ಆದ್ರೆ ನಾನ್ ಎಳೆಯೋದ್ ನಿಲ್ಲಿಸ್ಲಿಲ್ಲ. ಫೈನಲ್‌ನಾಗೆ ಅರ್ಧ ದಾಟಿದ್ ಮ್ಯಾಕೆ ನನ್ ಮ್ಯಾಲೆ ಒಂದ್ ಅನಿ ನೀರ್ ಬೀಳ್ಲಿಲ್ಲ. ಆರು ವಾರ ನೆಂದಿವ್ನಿ, ಆವಾಗ ಮಾತ್ರ ಇಲ್ಲ. ಅದೆಂಗೆ?"

ತೊಡೆಗೆ ತಿಳಿದದ್ದನ್ನು ಎರಡು ದಿನದಿಂದ ನಾನು ತಲೆಗೆ ಹತ್ತಲು ಬಿಟ್ಟಿರಲಿಲ್ಲ.

ಅಂದು ಸಂಜೆ ಬಸ್ಸಿಳಿದು ಮನೆ ಕಡೆ ನಡೆಯುವಾಗ ಅವನನ್ನು ಕೇಳಿದೆ. "ಫೈನಲಲ್ಲಿ ನೀನ್ ಎಳ್ದೆಯೇನೋ?"

"ಏನ್ ಗುರು ಇದು, ಹಿಂಗ್ ಕೇಳ್ತೀಯ?"

"ಅಕ್ಕನ ಮೇಲೆ ನೀರೇ ಹಾರ್ಲಿಲ್ವಂತೆ."

ಅವನು ತರಕಾರಿ ಗಾಡಿಯ ಪಕ್ಕ ನಿಂತ. "ಒಂದ್ ರೇಸ್ ಕಣೋ. ಒಂದ್ ಕಪ್ಪು. ಅದ್ರಿಂದ ನಿಂಗೇನ್ ಹೋಯ್ತು?"

"ಸೋಲು ಅಂತ ಯಾರ್ ಹೇಳಿದ್ರು ನಿಂಗೆ?"

"ಯಾರೂ ಬಾಯ್ಬಿಟ್ ಹೇಳ್ಲಿಲ್ಲ. ಮ್ಯಾನೇಜರ್ ಟೀ ಕುಡೀತಾ, ಸಾಹೇಬ್ರು ಮೊದಲ್ನೇ ಸಲ ಇಳೀತಿದಾರೆ, ನಗೆಪಾಟಲು ಮಾಡ್ಬೇಡ್ರಪ್ಪ ಅಂದ್ರು. ಅಷ್ಟೇ. ನಂಗೆ ಅರ್ಥ ಆಯ್ತು. ಹೆಡ್ ಆಫೀಸಲ್ಲಿ ಪ್ಲಾನಿಂಗ್‌ಗೆ ಒಂದ್ ಪೋಸ್ಟ್ ಇದೆ. ಹೋದ ತಿಂಗ್ಳು ಇಂಟರ್‌ವ್ಯೂ ಆಗಿದೆ."

"ಯಾವಾಗ?"

ಅವನು ಹೇಳಬೇಕಾಗಿರಲಿಲ್ಲ. ಹಿಂದಿನ ತಿಂಗಳು ಒಂದು ದಿನ ಅತ್ತೆಗೆ ಹುಷಾರಿಲ್ಲ, ದೊಡ್ಡಬಳ್ಳಾಪುರಕ್ಕೆ ಹೋಗಬೇಕು ಎಂದಿದ್ದ. ನಾನು ನನ್ನ ಶಿಫ್ಟಿನ ಜೊತೆ ಅವನದನ್ನೂ ಮಾಡಿದ್ದೆ. ಸಂಜೆ ಫೋನ್ ಮಾಡಿ ಅತ್ತೆ ಹೇಗಿದ್ದಾರೆ ಎಂದು ಬೇರೆ ಕೇಳಿದ್ದೆ. ಪರವಾಗಿಲ್ಲ, ಗಂಜಿ ಕುಡಿದರು ಎಂದಿದ್ದ. ಆ ಗಂಜಿ ನೆನಪಾಗಿ ನನಗೆ ಸಿಟ್ಟು ಬಂತು. ಸುಳ್ಳು ಹೇಳಿದ್ದಕ್ಕಲ್ಲ, ಗಂಜಿಯವರೆಗೂ ಯೋಚಿಸಿ ಹೇಳಿದ್ದಕ್ಕೆ.

"ಮತ್ತೆ ಅಕ್ಕನ ಹೆಸರು ಯಾಕೋ ಹೇಳ್ದೆ?"

"ಬಾಯಿಗ್ ಬಂತು, ಹೇಳ್ದೆ. ಅವರಿಗೇನಾಗತ್ತೆ ಬಿಡು. ನೀನ್ ಯಾರಿಗೂ ಹೇಳಲ್ಲ ಅಲ್ವಾ?"

ನಾನು ಏನೂ ಹೇಳದೆ ಮನೆಗೆ ನಡೆದೆ. ಅವನು ಅದನ್ನೇ ಒಪ್ಪಿಗೆ ಎಂದುಕೊಂಡ. ನಾನೂ ಆಮೇಲೆ ಅದನ್ನು ಬದಲಿಸಲಿಲ್ಲ.

ಮುಂದಿನ ತಿಂಗಳು ಅವನಿಗೆ ಆ ಹುದ್ದೆ ಸಿಕ್ಕಿತು. ಬೀಳ್ಕೊಡುಗೆಗೆ ಹಳೆಯ ಸ್ನೇಹಿತ ಎಂದು ನನ್ನನ್ನೇ ಮಾತಾಡಲು ನಿಲ್ಲಿಸಿದರು. ಬೇರೆ ಏನೂ ತೋಚದೆ ಕೆರೆಯಿಂದ ನನ್ನನ್ನು ಎಳೆದು ಹಾಕಿದ ಕಥೆ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಅವನ ಕಣ್ಣು ಒದ್ದೆಯಾಯಿತು. ಅದು ನಿಜವಾದ ಕಣ್ಣೀರೋ ಅಲ್ಲವೋ ಎಂದು ನಾನು ಲೆಕ್ಕ ಹಾಕುತ್ತಾ ನಿಂತಿದ್ದೆ. ಅವನ ಮುಖ ನೋಡಿ ಹಾಗೆ ಯೋಚಿಸಿದ್ದು ಜೀವನದಲ್ಲಿ ಅದೇ ಮೊದಲು. ಬಾಗಿಲ ಬಳಿ ಅಕ್ಕ ಕೇಸರಿಬಾತಿನ ತಟ್ಟೆಗಳನ್ನು ಹಿಡಿದು ನನ್ನ ಮಾತು ಕೇಳುತ್ತಿದ್ದರು.

ಮರುದಿನ ಬಡಿಸುವಾಗ ಅವರು ನನ್ನ ಮುಖ ನೋಡಲಿಲ್ಲ. "ಅಷ್ಟೊತ್ತು ಮಾತಾಡಿದ್ರಲ್ಲ ಅಣ್ಣಾ. ಅವ್ರ್ ನಿಮ್ಮನ್ನ ಉಳಿಸಿದ್ರು, ಸರಿ. ನೀವ್ ಅವ್ರನ್ನ ಉಳಿಸಿದ್ರಿ, ಅದೂ ಸರಿ. ನನ್ನ ಯಾಕ್ ಮುಳುಗಿಸಿದ್ರಿ? ಇವತ್ಗೂ ಇಲ್ಲಿ ಹುಡುಗ್ರು ಬೊಬ್ಬೆ ಅಕ್ಕ ಅಂತಾರೆ. ನಿಮಗ್ ಗೊತ್ತಿತ್ತಲ್ಲ?"

ನಾನು ತಟ್ಟೆ ಹಿಡಿದು ಅಲ್ಲೇ ನಿಂತೆ. ಹಿಂದಿನವರು "ಮುಂದೆ ಹೋಗ್ರೀ" ಎಂದರು. ಮೋಸ ಹೋದವನು ನಾನು ಎಂದುಕೊಂಡು ಒಂದು ತಿಂಗಳಿಂದ ಒಳಗೊಳಗೇ ಬೇಯುತ್ತಿದ್ದೆ. ಈ ಹೆಂಗಸಿಗೆ ಇಬ್ಬರು ಮೋಸ ಮಾಡಿದ್ದರು. ಅದರಲ್ಲಿ ಎರಡನೆಯವನು ನಾನು.

ಅಂದು ಊಟದ ಟೇಬಲ್ಲಿನಲ್ಲಿ ತಂಡದ ಆರೇಳು ಜನ ಇದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತೊಡೆಯ ಮಾತು ಹೇಳುವಾಗ ಒಬ್ಬ ನಕ್ಕ. ಇನ್ನೊಬ್ಬ, "ಅವ್ನು ಹೋದ್ಮೇಲೆ ಹೇಳ್ತಿದ್ದೀಯಲ್ಲ, ಹೊಟ್ಟೆಕಿಚ್ಚು ಅನ್ನಲ್ವಾ ಜನ?" ಅಂದ. ಅನ್ನಲಿ ಅಂದೆ. ಲ್ಯಾಬಿನ ಹುಡುಗಿ ಮಾತ್ರ ಎದ್ದು ಅಡುಗೆ ಮನೆಗೆ ಹೋದಳು. ಏನು ಹೇಳಿದಳೋ ಗೊತ್ತಿಲ್ಲ. ಹತ್ತು ನಿಮಿಷದ ಮೇಲೆ ಇಬ್ಬರೂ ಒಟ್ಟಿಗೆ ಹೊರಗೆ ಬಂದರು, ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಸುದ್ದಿ ಅವನಿಗೆ ಸಂಜೆಯೊಳಗೆ ಮುಟ್ಟಿತು. ಫೋನ್ ಬಂತು. "ನಿನ್ನಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ ಕಣೋ" ಅಂದ. ನಾನು ಆಡಬೇಕಾದ ಮಾತನ್ನು ಅವನು ಆಡಿದ. ಫೋನ್ ಇಟ್ಟೆ. ಈಗ ಅವನು ಯಲಹಂಕದಲ್ಲಿ ಮನೆ ಮಾಡಿದ್ದಾನೆ. ನಮ್ಮ ಹೆಂಡತಿಯರು ಇನ್ನೂ ಮಾತಾಡುತ್ತಾರೆ, ಹಬ್ಬಕ್ಕೆ ಒಬ್ಬಟ್ಟು ಹೋಗುತ್ತದೆ, ಬರುತ್ತದೆ. ಅವರ ಮನೆಯ ಒಬ್ಬಟ್ಟನ್ನು ಮಕ್ಕಳು ತಿನ್ನುತ್ತಾರೆ.

ಈ ವರ್ಷ ಮತ್ತೆ ನೋಟಿಸ್ ಹಾಕಿದರು. ಅಕ್ಕನ ಹೆಸರು ಎಲ್ಲರಿಗಿಂತ ಮೇಲೆ ಇತ್ತು, ಅವರ ಗುಂಡುಗುಂಡಾದ ಅಕ್ಷರದಲ್ಲಿ.

"ನೀವ್ ಬರ್ಕೊಂಡಿಲ್ವಲ್ಲ ಅಣ್ಣಾ?" ಎಂದು ಸಾರು ಬಡಿಸುತ್ತಾ ಕೇಳಿದರು.

"ಭುಜ ನೋವು ಅಕ್ಕ" ಎಂದು ನೋವಿಲ್ಲದ ಭುಜ ಮುಟ್ಟಿಕೊಂಡೆ.

ಅವರು ಒಂದು ಕ್ಷಣ ನನ್ನ ಭುಜ ನೋಡಿದರು. "ಆಯ್ತು ಬುಡಿ" ಎಂದು ಇನ್ನೊಂದು ಸೌಟು ಸಾರು ಹಾಕಿ, ನನ್ನ ಹಿಂದಿನವರ ತಟ್ಟೆಗೆ ಕೈ ಚಾಚಿದರು.