ಬೆಳಿಗ್ಗೆ ಸ್ವಾಗತ, ಸಂಜೆ ಬೀಳ್ಕೊಡುಗೆ

ತಾರಾವಾ ದ್ವೀಪದ ಸರ್ಕಾರಿ ಕಚೇರಿಯಲ್ಲಿ ಅರೋಯಿತಾಳ ಕೆಲಸವೆಂದರೆ ಹೊರದೇಶದ ರಾಯಭಾರಿಗಳನ್ನು ಬರಮಾಡಿಕೊಳ್ಳುವುದು. ಇಪ್ಪತ್ತೆರಡು ವರ್ಷದಿಂದ ಬಂದವರಿಗೆಲ್ಲ ಅವಳೇ ಹಾರ ಕಟ್ಟಿ ಹಾಕಿದ್ದಳು. ಹಿಮದ ನಾಡಿನ ರಾಯಭಾರಿಯಾಗಿ ಸಿಗ್ರಿಡ್ ನೇಮಕವಾದ ತಿಂಗಳೇ ಕೊರೋನಾ ಬಂದು ಗಡಿ ಮುಚ್ಚಿತು. ಫಿಜಿಯ ಸುವಾದಲ್ಲೇ ಉಳಿದ ಆಕೆ ಎರಡೂವರೆ ವರ್ಷ ಪರದೆಯ ಮೇಲಿನ ಮುಖವಾಗಿಯೇ ಇದ್ದರು. ಲಸಿಕೆ ಇಡುವ ಫ್ರಿಜ್ಜುಗಳನ್ನು ಕಳಿಸಿದ್ದು, ಅವು ಹಡಗು ಹತ್ತುವವರೆಗೆ ದಿನವೂ ವಿಚಾರಿಸಿದ್ದು ಎಲ್ಲ ಅಲ್ಲಿಂದಲೇ.

ಅರೋಯಿತಾಳ ಗಂಡ ರೂಬೆ ಹಡಗಿನ ಆಳು. ಊರಿಗೆ ಮರಳಲಾಗದೆ ಅವನೂ ಹದಿನಾಲ್ಕು ತಿಂಗಳು ಸುವಾದಲ್ಲೇ ಸಿಕ್ಕಿಕೊಂಡಿದ್ದ. ಭಾನುವಾರಗಳಂದು ಸಿಗ್ರಿಡ್ ಮೀನು ಹಿಡಿದುಕೊಂಡು ನಾವಿಕರ ಬಿಡಾರಕ್ಕೆ ಹೋಗಿ ಅವರ ಜೊತೆ ನೆಲದ ಮೇಲೆ ಕೂತು ಉಣ್ಣುತ್ತಿದ್ದರು.

"ನಿನ್ ರಾಯಭಾರಿ ಮೀನಿನ ಕಣ್ಣೂ ಬಿಡಲ್ಲ ಕಣೇ," ಅಂತ ರೂಬೆ, ಸಿಕ್ಕಿಬಿದ್ದ ನಾವಿಕರಿಗಷ್ಟೇ ಬಿಟ್ಟ ವಿಶೇಷ ವಿಮಾನದಲ್ಲಿ ಮನೆಗೆ ಬಂದ ದಿನವೇ ಹೇಳಿದ್ದ.

ಕೊನೆಗೆ ಗಡಿ ತೆರೆಯಿತು. ಅಷ್ಟರಲ್ಲಿ ಸಿಗ್ರಿಡ್ ಅವಧಿ ಮುಗಿದಿತ್ತು. ಒಂದೇ ಒಂದು ದಿನದ ಮಟ್ಟಿಗೆ ಬಂದು ಹೋಗುತ್ತಾರೆಂದು ಸುದ್ದಿ ಬಂತು. ಊರಿನ ಸಭಾಮಂಟಪ ಮನೇಬಾದಲ್ಲಿ ಹಿರಿಯ ಕೊರೌಬಾರಾ ಗಡ್ಡ ಕೆರೆದುಕೊಂಡ.

"ಸ್ವಾಗತಾನೇ ಮಾಡಿಲ್ಲ, ಕಳಿಸಿಕೊಡೋದು ಹೆಂಗಮ್ಮಾ?"

"ಎರಡೂ ಮಾಡೋಣ ಅಜ್ಜಾ," ಅಂದಳು ಅರೋಯಿತಾ. "ಬೆಳಿಗ್ಗೆ ಒಂದು, ಸಂಜೆ ಒಂದು."

"ಹಂಗಾದ್ರೆ ಊಟಾನೂ ಎರಡು," ಅಂದ ಅಜ್ಜ ಕೂಡಲೇ ಒಪ್ಪಿದ.

ಪರದೆಯಲ್ಲಿ ಕಂಡ ಭುಜಗಳ ಅಂದಾಜಿನ ಮೇಲೆ ಅರೋಯಿತಾ ದ್ವೀಪದ ಹೆಂಗಸರು ತೊಡುವ, ಸೊಂಟದವರೆಗೆ ಇಳಿಯುವ ಸಡಿಲ ರವಿಕೆಯೊಂದನ್ನು ಹೊಲಿದಿಟ್ಟಳು. ವಿಮಾನದಿಂದ ಇಳಿದ ಸಿಗ್ರಿಡ್ ಅವಳ ಭುಜಕ್ಕೂ ಬರುತ್ತಿರಲಿಲ್ಲ. ತೊಡಿಸಿದ ರವಿಕೆ ಮೊಣಕಾಲು ಮುಟ್ಟಿತು. ಮನೇಬಾದ ಹೆಂಗಸರು ಚಾಪೆ ಬಡಿದು ನಕ್ಕರು.

"ಇಷ್ಟೇನಾ ನೀವು?" ಅರೋಯಿತಾ ಕೇಳಿಯೇಬಿಟ್ಟಳು.

"ಕುರ್ಚಿ ಮೇಲೆ ಎರಡು ದಿಂಬು ಇಟ್ಕೊಂಡು ಕೂರ್ತಿದ್ದೆ," ಅಂದರು ಸಿಗ್ರಿಡ್. ಆ ದೊಗಲೆ ರವಿಕೆಯನ್ನು ಬಿಚ್ಚಲು ಮಾತ್ರ ಒಪ್ಪಲಿಲ್ಲ.

ಸ್ವಾಗತದ ಊಟಕ್ಕೆ ಹಂದಿ, ಮೀನು, ತೆಂಗಿನಹಾಲಿನಲ್ಲಿ ಬೇಯಿಸಿದ ಗೆಡ್ಡೆ. ಉಂಡವರೆಲ್ಲ ಚಾಪೆಯ ಮೇಲೆ ಒರಗಿದರು. ಸಿಗ್ರಿಡ್ ಗಾಢ ನಿದ್ದೆಗೆ ಜಾರಿದರು. ಬೀಳ್ಕೊಡುಗೆಯ ಹೊತ್ತಾದರೂ ಏಳಲಿಲ್ಲ. ಎಬ್ಬಿಸಹೋದ ಅರೋಯಿತಾಳ ಕೈಯನ್ನು ಅಜ್ಜ ತಡೆದ.

"ಮಲಗಲಿ ಬಿಡು. ಎರಡೂವರೆ ವರ್ಷ ನಮಗೋಸ್ಕರ ಎದ್ದಿದ್ಲು."

"ವಿಮಾನ ಕಾಯುತ್ತಾ ಅಜ್ಜಾ?"

ವಿಮಾನ ಕಾಯುವಂತಿರಲಿಲ್ಲ. ಎಚ್ಚರವಾದಾಗ ಉಳಿದದ್ದು ಮುಕ್ಕಾಲು ಗಂಟೆ. ಊರೇ ಲಾರಿ ಹತ್ತಿತು. ಬೀಳ್ಕೊಡುಗೆಯ ಊಟವನ್ನು ಎಲೆಯಲ್ಲಿ ಕಟ್ಟಿ ಸಿಗ್ರಿಡ್ ಮಡಿಲಿಗಿಟ್ಟರು. ಅಜ್ಜ ಲಾರಿಯ ಕಂಬಿ ಹಿಡಿದು ಗಾಳಿಗೆದುರಾಗಿ ಭಾಷಣ ಕೂಗಿದ. ಯಾರಿಗೂ ಒಂದಕ್ಷರ ಕೇಳಿಸಲಿಲ್ಲ, ಆದರೂ ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಡು ಶುರುವಾಯಿತು. ನಾವಿಕರಿಂದ ಅದನ್ನು ಕಲಿತಿದ್ದ ಸಿಗ್ರಿಡ್ ಬಾಯಲ್ಲಿ ಗೆಡ್ಡೆ ಇಟ್ಟುಕೊಂಡೇ ದನಿಗೂಡಿಸಿದರು.

ವಿಮಾನದ ಏಣಿಯ ಬಳಿ ಅವರಿಗೆ ಹಾರ ಹಾಕಲು ಅರೋಯಿತಾ ಬಾಗಬೇಕಾಯಿತು. ಬಾಗಿದವಳನ್ನು ಸಿಗ್ರಿಡ್ ಬಿಗಿಯಾಗಿ ತಬ್ಬಿಕೊಂಡರು. ರಾಯಭಾರಿಗಳನ್ನು ಕಳಿಸುವಾಗ ಎಂದೂ ಅಳದ ಅರೋಯಿತಾ ಅವತ್ತು ನಗುತ್ತಲೇ ಅತ್ತಳು.