ಕ್ಯಾಪ್ಟನ್ ಕಲಿಸಿದ ಡ್ರೈವಿಂಗು

ಹೋದ ತಿಂಗಳು ಇಲ್ಲಿ ಪರ್ತ್‌ನ ಸದರ್ನ್ ರಿವರ್ ಬಡಾವಣೆಯಲ್ಲಿ ಗೆಳತಿಯ ಹೊಸ ಕಾರಿಗೆ ಪೂಜೆ ಇತ್ತು. ಚಕ್ರದಡಿ ಇಟ್ಟ ನಿಂಬೆಹಣ್ಣು ಪಚಕ್ಕೆಂದು ಒಡೆದು ಘಮ್ಮೆಂದಿತು. ಎಲ್ಲರೂ ಭಕ್ತಿಯಿಂದ ಕೈಮುಗಿದರೆ ನನಗೆ ನಗು ಒತ್ತರಿಸಿಕೊಂಡು ಬಂತು. ಥಾರ್ನ್ಲಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕ್ಯಾಪ್ಟನ್ ನೆನಪಾಗಿದ್ದರು...

ಅವರು ಅಮೆರಿಕದ ಕಪ್ಪು ಹೆಂಗಸು. ಅಂಥವರೊಬ್ಬರು ಯುದ್ಧದ ಹಡಗು ನಡೆಸಬಹುದೆಂದು ಅಲ್ಲಿ ಯಾರೂ ಕನಸಿನಲ್ಲೂ ಎಣಿಸದಿದ್ದಾಗ ನೌಕಾಪಡೆಗೆ ಸೇರಿ, ಹಡಗು ನಡೆಸಿದವರು. ಒಮ್ಮೆ ಇಲ್ಲಿನ ಬಂದರಿಗೆ ಬಂದಾಗ ಪರ್ತ್‌ನ ಮೇಷ್ಟರೊಬ್ಬರನ್ನು ಮೆಚ್ಚಿ, ನಿವೃತ್ತಿಯಾದ ಮೇಲೆ ಅವರನ್ನೇ ಮದುವೆಯಾಗಿ ಇಲ್ಲಿಯೇ ಉಳಿದರು. ನಾವು ಬರುವಷ್ಟರಲ್ಲಿ ಮೇಷ್ಟರು ತೀರಿಕೊಂಡಿದ್ದರು. ಮೊದಲ ದಿನ ನಾನು ರೂಢಿಯಂತೆ 'ಆಂಟಿ' ಅಂದೆ. "ನನ್ನ ಹಡಗಿನಲ್ಲಿ ನೂರಾರು ಜನ ಇದ್ದರು, ಒಬ್ಬರೂ ಹಾಗೆ ಕರೆಯಲಿಲ್ಲ," ಅಂದರು. ಅವತ್ತಿನಿಂದ ಕ್ಯಾಪ್ಟನ್ ಅನ್ನತೊಡಗಿದೆ.

ನಾವು ಸೆಕೆಂಡ್‌ಹ್ಯಾಂಡ್ ಕಾರು ಕೊಂಡಾಗ ಅವರ ಹಿತ್ತಲಿನ ಮರದಿಂದ ನಾಲ್ಕು ನಿಂಬೆಹಣ್ಣು ಕೇಳಲು ಹೋದೆ. ಯಾಕೆಂದು ವಿಚಾರಿಸಿ ಒಳಗೆ ಹೋದವರು ಸಮವಸ್ತ್ರದ ಬಿಳಿ ಕೋಟು ಹಾಕಿಕೊಂಡು ಬಂದರು, ಕಾಲಲ್ಲಿ ಮಾತ್ರ ಹವಾಯಿ ಚಪ್ಪಲಿ. ಹೊಸ ಹಡಗನ್ನು ನೀರಿಗಿಳಿಸುವಾಗ ಅವರಲ್ಲಿ ಬಾಟಲಿ ಒಡೆಯುತ್ತಾರಂತೆ. ನಿಂಬೆಹಣ್ಣಾದರೆ ಗಾಜು ಗುಡಿಸುವ ಕೆಲಸವಿಲ್ಲ ಎಂದು ನಮ್ಮ ಪದ್ಧತಿಯನ್ನು ಹೊಗಳಿದರು. ಕಾರು ಕದಲಿದೊಡನೆ ಸೆಲ್ಯೂಟ್ ಹೊಡೆದು ನಿಂತರು. ಒಳಗಿದ್ದ ನನ್ನ ಗಂಡ ಗಾಬರಿಯಲ್ಲಿ ಸ್ಟಿಯರಿಂಗ್ ಬಿಟ್ಟು ತಾನೂ ಸೆಲ್ಯೂಟ್ ಹೊಡೆದ. ಕಾರು ಹೋಗಿ ಕಸದ ಬಿನ್ನಿಗೆ ಗುದ್ದಿತು.

ನನಗೆ ಆಗ ವೃದ್ಧರ ಮನೆಮನೆಗೆ ಹೋಗಿ ಆರೈಕೆ ಮಾಡುವ ಕೆಲಸ ಸಿಕ್ಕಿತ್ತು, ಆದರೆ ಲೈಸೆನ್ಸ್ ಇಲ್ಲದೆ ಸೇರಿಸಿಕೊಳ್ಳುತ್ತಿರಲಿಲ್ಲ. ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದೆ. ಮೂರನೆಯ ಸಲವೂ ಹೋದರೆ ಕೆಲಸ ಬೇರೆಯವರ ಪಾಲು. ಮೈಸೂರಿನಲ್ಲಿ ದುಡಿಯುತ್ತಿದ್ದವಳು ಇಲ್ಲಿ ಮೂರು ವರ್ಷದಿಂದ ಅಡುಗೆಮನೆ ಕಿಟಕಿಯಲ್ಲಿ ಬೀದಿ ನೋಡುತ್ತಿದ್ದೆ. ಗಂಡ ಕಲಿಸಲು ಕೂತರೆ ಹತ್ತೇ ನಿಮಿಷ. "ನಿನ್ ಕೈಲಾಗಲ್ಲ ಬಿಡೇ, ನಾನೇ ಡ್ರಾಪ್ ಮಾಡ್ತೀನಿ," ಅನ್ನುತ್ತಿದ್ದ.

ಕ್ಯಾಪ್ಟನ್ ಒಂದು ದಿನ ಅವನನ್ನು ಇಳಿಸಿ ತಾವು ಪಕ್ಕದಲ್ಲಿ ಕೂತರು. ಕಲಿಸಿದ್ದು ಹಡಗಿನ ಕ್ರಮದಲ್ಲೇ. ಆದೇಶ ಕೇಳಿದವರು ಅದನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು, ಮಾಡಿದ ಮೇಲೆ ಆಯಿತೆಂದು ಒಪ್ಪಿಸಬೇಕು. ಹೊಸದರಲ್ಲಿ ಅವರು ಆದೇಶ ಕೊಟ್ಟರೆ ಚುಕ್ಕಾಣಿ ಹಿಡಿದವನು ಪಕ್ಕದ ಬಿಳಿ ಅಧಿಕಾರಿಯ ಮುಖ ನೋಡುತ್ತಿದ್ದನಂತೆ. "ಅವನು ಬಾಯಿಬಿಟ್ಟು ತಿರುಗಿ ಹೇಳುವವರೆಗೂ ನಾನು ಹೇಳುತ್ತಲೇ ಇದ್ದೆ. ಏಳು ಸಲ," ಎಂದು ನಕ್ಕರು. ನನಗೆ ನಗು ಬರಲಿಲ್ಲ, ಆ ಚುಕ್ಕಾಣಿಯವನ ಮೇಲೆ ಸಿಟ್ಟು ಬಂತು.

ಟೆಸ್ಟಿನ ದಿನ ಪರೀಕ್ಷಕ, "ಎಡಕ್ಕೆ ತಿರುಗಿಸಿ," ಅಂದ. "ಎಡಕ್ಕೆ ತಿರುಗಿಸುತ್ತೇನೆ, ಸರ್," ಎಂದು ಕೂಗಿದೆ. ಅವನ ಪೆನ್ನು ಕೆಳಗೆ ಬಿತ್ತು. ತಿರುಗಿಸಿ, "ಎಡಕ್ಕೆ ತಿರುಗಿಸಿದ್ದಾಯಿತು, ಸರ್," ಅಂದೆ. ಅಭ್ಯಾಸಬಲ, ನಾಲಿಗೆ ನಿಲ್ಲಲೇ ಇಲ್ಲ. ಶಾಪಿಂಗ್ ಸೆಂಟರ್ ಹತ್ತಿರ ಬಲಕ್ಕೊಬ್ಬ ಅಜ್ಜಿ, ಎಡಕ್ಕೆರಡು ಟ್ರಾಲಿ ಎಂದೂ ವರದಿ ಕೊಟ್ಟೆ. ಕೊನೆಗೆ ಆತ ಬೆಲ್ಟ್ ಬಿಚ್ಚುತ್ತ, "ನಾನಿನ್ನು ಇಳಿಯಬಹುದಾ?" ಎಂದು ನನ್ನ ಅನುಮತಿಯನ್ನೇ ಕೇಳಿದ. ಪಾಸಾದೆ.

ಎರಡು ತಿಂಗಳ ಮೇಲೆ ಕ್ಯಾಪ್ಟನ್ ಚಿಕಿತ್ಸೆಗೆಂದು ಅಮೆರಿಕದಲ್ಲಿದ್ದ ತಂಗಿಯ ಮನೆಗೆ ಹೊರಟರು. ಏರ್‌ಪೋರ್ಟಿಗೆ ನಾನೇ ಕರೆದೊಯ್ದೆ. ದಾರಿಯುದ್ದಕ್ಕೂ ಅವರ ಆದೇಶಕ್ಕೆ ಕಾದೆ, ಒಂದೂ ಬರಲಿಲ್ಲ. ಏನೋ ತಪ್ಪು ಮಾಡಿದೆನೆಂದು ಸಿಗ್ನಲ್‌ನಲ್ಲಿ ಪಕ್ಕಕ್ಕೆ ನೋಡಿದರೆ, ಬಾಯಿ ಸ್ವಲ್ಪ ತೆರೆದು, ಚಿಕ್ಕ ಮಗುವಿನ ಹಾಗೆ ನಿದ್ದೆ ಹೋಗಿದ್ದರು...

ತಿರುಗಿ ಬರಲಿಲ್ಲ. ಮುಂದಿನ ವರ್ಷ ಅವರ ತಂಗಿ ಫೋನ್ ಮಾಡಿ, ಅಕ್ಕ ಹೋದರು ಅಂದರು.

ಈಗ ಊರಾಚೆಯ ಸ್ವಾನ್ ವ್ಯಾಲಿವರೆಗೂ ಒಬ್ಬಳೇ ಹೋಗಿಬರುತ್ತೇನೆ. ಆದರೂ ಅವತ್ತಿನ ಆ ಸಿಗ್ನಲ್ ಮನಸ್ಸಿನಿಂದ ಹೋಗುವುದಿಲ್ಲ. ಹಸಿರಾಯಿತೆಂದು ಬೇಗ ಕಣ್ಣು ತಿರುಗಿಸಿಬಿಟ್ಟೆ. ಇನ್ನೊಂದು ಗಳಿಗೆ ಅವರನ್ನು ನೋಡಬೇಕಿತ್ತು. ಹಿಂದಿನವರು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ.