ಮಂಕಿಯ ಅಜ್ಜನಿಗಾಗಿ ಹೊಲಿದ ಮಾಸ್ಕ್

ಬೆಳಿಗ್ಗೆ ಏಳೂವರೆಗೆ ಭಟ್ಕಳ ಬಿಟ್ಟೆ. ಕೊರೋನಾದಿಂದ ಬಸ್ಸು ನಿಂತಿತ್ತು. ಕುಮಟಾಕ್ಕೆ ಔಷಧಿ ಒಯ್ಯುವ ವ್ಯಾನೇ ಗತಿ. ಟಿಕೆಟ್ಟಿನ ಖರ್ಚಿಲ್ಲ, ಕಾಲು ಚಾಚಲು ಜಾಗವೂ ಇಲ್ಲ. ಡಬ್ಬಿಯಲ್ಲಿ ಅವಲಕ್ಕಿ, ಚೀಲದಲ್ಲಿ ನಾನೇ ಹೊಲಿದ ಮಾಸ್ಕ್. ತುಟಿಯ ಜಾಗಕ್ಕೆ ಪುಸ್ತಕದ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಯ ತುಂಡು ಹಾಕಿದ್ದೆ.

ಅದು ಕಡಲಂಚಿನ ಮಂಕಿ ಊರಿನ ನಾಗಪ್ಪಜ್ಜನಿಗಾಗಿ. ನಾನು ವಯಸ್ಸಾದವರ ಮನಸ್ಸಿನ ಆರೋಗ್ಯ ವಿಚಾರಿಸುವ ನರ್ಸ್. ಆ ತಿಂಗಳುಗಳಲ್ಲಿ ಎಲ್ಲವೂ ಫೋನಿನಲ್ಲೇ. ಅಜ್ಜ ನೆನಪಿನ ಪರೀಕ್ಷೆಯಲ್ಲಿ ಎರಡು ಸಲ ತಪ್ಪುತಪ್ಪಾಗಿ ಉತ್ತರಿಸಿದ್ದರು. ಮರೆವಿನ ಕಾಯಿಲೆಯಿರಬೇಕು, ಹೊರಟರೆ ದಾರಿ ತಪ್ಪಿಯಾರು ಎಂದು ಮಗ ಗೇಟಿಗೆ ಬೀಗ ಹಾಕಿದ್ದ. ಈ ಸಲವೂ ತಪ್ಪಿದರೆ ಕುಮಟಾದ ಡಾಕ್ಟರು ಮಾತ್ರೆ ಶುರುಮಾಡುವವರಿದ್ದರು. ಆದರೆ ಕಳೆದ ವಿಡಿಯೋ ಕರೆಯಲ್ಲಿ ಸೊಸೆ ಮಾಸ್ಕ್ ಇಳಿಸಿ ‘ಚಾ ಬೇಕಾ?’ ಎಂದಾಗ ಅಜ್ಜ ತಟ್ಟನೆ ‘ಸಕ್ಕರೆ ಕಮ್ಮಿ ಹಾಕು’ ಎಂದದ್ದನ್ನು ನಾನು ಬರೆದಿಟ್ಟುಕೊಂಡಿದ್ದೆ.

ಮುರ್ಡೇಶ್ವರದಲ್ಲಿ ಔಷಧಿ ಇಳಿಸಿ ಮಂಕಿ ತಲುಪಿದಾಗ ಒಂಬತ್ತು; ಸೆಕೆ ಆಗಲೇ ಏರಿತ್ತು. ಹೊಲಿದ ಮಾಸ್ಕ್ ಹಾಕಿಕೊಂಡು ಅಂಗಳದಲ್ಲೇ ಅಜ್ಜನಿಂದ ಆರಡಿ ದೂರ ಕುಳಿತೆ.

‘ಇದೆಂತ ತಂಗಿ, ಮೋರೆಗೆ ಕಿಟಕಿ ಇಟ್ಕಂಡಿಯಾ?’ ಎಂದು ಅಜ್ಜ ನಕ್ಕರು.

ತುಟಿ ಕಾಣುವಂತೆ ನಿಧಾನವಾಗಿ ಕೇಳಿದೆ. ಊರು, ಮಕ್ಕಳ ಹೆಸರು, ನೆನಪಿಡಲು ಕೊಟ್ಟ ಮೂರು ಪದ, ಎಲ್ಲ ಸರಿ. ವಾರ ಮಾತ್ರ ತಪ್ಪಿತು.

‘ಮೀನಿಗೆ ಬೋಟೇ ಹೋಗೂದಿಲ್ಲ, ವಾರ ಕಟ್ಕಂಡು ಎಂತ ಮಾಡೂದು? ನಾಡಿದ್ದು ಅಮಾಸೆ, ಬೇಕಾರೆ ಅದನ್ನ ಕೇಳು.’

ಕ್ಯಾಲೆಂಡರ್ ನೋಡಿದೆ. ಹೌದಾಗಿತ್ತು.

‘ಮತ್ತೆ ಫೋನಲ್ಲಿ ಎಂತಕ್ಕೆ ಹೇಳ್ಲಿಲ್ಲ ಅಪ್ಪಾ?’ ಮಗ ಮಾಸ್ಕಿನೊಳಗಿಂದಲೇ ಕೂಗಿದ. ಅಜ್ಜನಿಗೆ ತಿಳಿಯಲಿಲ್ಲ. ಅದನ್ನೇ ನಾನು ಮತ್ತೆ ಹೇಳಿದೆ.

‘ನಲವತ್ತು ವರ್ಷ ಬೋಟಿನ ಇಂಜಿನ್ ಬುಡದಲ್ಲಿ ಕೂತ ಕಿವಿ ಇದು. ತುಟಿ ನೋಡೇ ತಿಳ್ಕಣೂದು. ಇವ್ರೆಲ್ಲ ಬಾಯಿಗೆ ಬಟ್ಟೆ ಕಟ್ಕಂಡ್ರು. ನನ್ನ ಹತ್ರ ಮಾತೇ ಬಿಟ್ರು ಅಂದ್ಕಂಡೆ.’

ಅಜ್ಜನ ದಿನಚರಿ ವಿಚಾರಿಸಿದೆ. ನಿದ್ರೆ, ಊಟ ಎರಡೂ ಕಡಿಮೆ ಎಂದು ಬರೆದುಕೊಂಡು ಹೊರಟೆ.

ಹೊನ್ನಾವರದ ಸೇತುವೆ ಬಳಿ ಪೊಲೀಸರು ಪಾಸ್ ನೋಡಿದರು. ಕುಮಟಾದಲ್ಲಿ ಡಾಕ್ಟರು ನಾನು ಬರೆದ ಹಾಳೆಯನ್ನು ಎರಡು ಸಲ ಓದಿದರು.

‘ಮರೆವಲ್ಲ ಇದು, ಸಿಸ್ಟರ್. ಕಿವಿ ಕೇಳೂದಿಲ್ಲ, ಬೇಸರ ಹತ್ತಿದೆ. ಮಾತ್ರೆ ಬೇಡ. ಕಿವಿ ತೋರಿಸ್ವ. ಮೊದಲು ಹೊರಗೆ ಓಡಾಡ್ಲಿ, ಮನೆಯವರು ಮಾತಾಡ್ಲಿ.’

ಮಧ್ಯಾಹ್ನ ಮೂರಕ್ಕೆ ಮತ್ತೆ ಮಂಕಿ. ಡಾಕ್ಟರ ಮಾತು ತಿಳಿಸಿದೆ. ಮಗ ಬೀಗ ತೆಗೆದು, ಕಡಲ ಕಡೆಗೆ ನಡೆದ ಅಜ್ಜನ ಹಿಂದೆ ಹೊರಟ.

‘ಹಿಂದೆ ಬಂದು ಎಂತ ಮಾಡ್ತೆ ಮಾರಾಯ? ಮುಂದೆ ನಡಿ, ಮೋರೆ ಕಾಣ್ಲಿ.’

ವ್ಯಾನು ಹೊರಟಾಗ ತಿರುಗಿ ನೋಡಿದೆ. ಮಗ ಮಾಸ್ಕ್ ಇಳಿಸಿಕೊಂಡು, ಅಜ್ಜನಿಂದ ಹತ್ತು ಹೆಜ್ಜೆ ಮುಂದೆ, ಮರಳಿನ ಮೇಲೆ ಹಿಮ್ಮುಖವಾಗಿ ನಡೆಯುತ್ತ ಏನೋ ಹೇಳುತ್ತಿದ್ದ.